ಹಿಟ್ಟು ಕಾಯದಂಗ ಕಾಯ್ದದ್ದು

ಪ್ರಯೋಗಾಲಯದಲ್ಲಿ ಗಂಭೀರವಾಗಿರಬೇಕೆಂದು ಎಷ್ಟು ಸಲ ಗಟ್ಟಿ ಮನಸ್ಸು ಮಾಡಿದರೂ, ಏನಾದರೊಂದು ನಡೆದು ನಗು ಉಕ್ಕಿಯೇ ಬಿಡುತ್ತಿತ್ತು. ಎಪ್ಪತ್ತರ ದಶಕದ ಕೊನೆ. ಬೈಲಹೊಂಗಲದವನಾದ ನಾನು ಪಕ್ಕದ ಜಿಲ್ಲೆಯಲ್ಲಿ ಎನ್‌ಎಂಆರ್ ಯಂತ್ರದ ಕೆಲಸಕ್ಕಿದ್ದೆ. ದೊಡ್ಡ ಅಯಸ್ಕಾಂತದ ನಡುವೆ ಮಾದರಿ ಇಟ್ಟು, ಸುತ್ತಲಿನ ತಾಮ್ರದ ತಂತಿಯ ಸುರುಳಿಯಿಂದ ರೇಡಿಯೋ ತರಂಗ ಹಾಯಿಸಿ, ಒಳಗಿನ ಕಣಗಳು ಕೊಡುವ ಸಂಕೇತ ಹಿಡಿಯುವುದು. ಮಾದರಿಯನ್ನೂ ಸುರುಳಿಯನ್ನೂ ಹೊತ್ತ ಕೊಳವೆಯೇ ಪ್ರೋಬ್.

೧. ವಾಸನಿ

ನಮ್ಮ ಸಾಹೇಬರು ಹೂಲಿಯವರು. ಜೋಳದ ಹಿಟ್ಟಿನೊಳಗೆ ನೀರು ಹೇಗೆ ಅಡಗಿ ಕೂತಿರುತ್ತದೆಂದು ನೋಡುವ ಹುಚ್ಚು ಅವರಿಗೆ. ಉಪ್ಪು ಹಾಕಿ ಕಲಸಿದ, ಹುಣಸೆ ಬೀಜದಷ್ಟು ಹಿಟ್ಟು ಇಟ್ಟು ಜೋರಾಗಿ ತರಂಗ ಬಿಟ್ಟೆ. ಸ್ವಲ್ಪ ಹೊತ್ತಿಗೆ ಹೊಗೆ! ಸಾಹೇಬರು ಮೂಗರಳಿಸಿದರು.

"ವಾಸನಿ ಭಾಳ ಚೊಲೋ ಬಂತಲ್ಲೋ! ಸಂಕೇತ ಎಲ್ಲೈತಿ?"

೨. ಹವಾಲ್ದಾರರ ಸಲಹೆ

ಮುಂದಿನ ತಿಂಗಳು ನಮ್ಮ ಕೆಲಸದ ತಪಾಸಣೆಗೆ ಸಮಿತಿಯವರು ಬರುವವರಿದ್ದರು. ಅಷ್ಟರೊಳಗೆ ಹಿಟ್ಟು ಬೇಯುವುದು ನಿಲ್ಲದಿದ್ದರೆ ನಮ್ಮ ವಿಭಾಗಕ್ಕೆ ಬೀಗ. ಊರಿನ ತಾಮ್ರದ ಕೆಲಸಗಾರನ ನೆನಪಾಯಿತು. ಪ್ರೋಬನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟೆ. ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಹವಾಲ್ದಾರರು ತಡೆದರು.

"ಬಾಂಬ್ ಏನ್ರಿ ಇದು?"

"ಇಲ್ರಿ. ಇದರಾಗ ಹಿಟ್ಟು ಇಟ್ರ ಕಾಯತೈತಿ. ಕಾಯದಂಗ ಮಾಡಬೇಕಾಗೇತಿ."

ಅವರು ಟವೆಲ್ ಬಿಚ್ಚಿ, ಹಣಿಕಿ ನೋಡಿ, ತಿರುಗಿ ಕೊಟ್ಟರು. "ಕಾಯಬಾರದಂದ್ರ ಡಬ್ಬ್ಯಾಗ ಇಡ್ರಿ. ಇದರಾಗ ಯಾಕ ಇಡ್ತೀರಿ?"

ನಾಲ್ಕು ತಿಂಗಳಿನಿಂದ ನಮಗ್ಯಾರಿಗೂ ಹೊಳೆಯದ ಉಪಾಯ!

೩. ಕಲಾಯಿ

ತಾಮ್ರದ ಕೆಲಸಗಾರ ಎಪ್ಪತ್ತು ದಾಟಿದ ಅಜ್ಜ. ಸುರುಳಿ ತೋರಿಸಿ ಹೇಳಿದೆ: "ಸುತ್ತು ಹೆಚ್ಚಾದಂಗ ಎರಡೂ ತುದಿ ನಡುವ ವೋಲ್ಟೇಜ್ ಏರತೈತಿ. ಆ ವಿದ್ಯುತ್ತಿನ ಸೆಳೆತ ಹಿಟ್ಟಿನೊಳಗ ಹೊಕ್ಕು ಬೇಯಿಸತೈತಿ. ನಮಗ ಬೇಕಾದದ್ದು ಅಯಸ್ಕಾಂತದ ಸೆಳೆತ ಅಷ್ಟ."

ಅಜ್ಜ ಕನ್ನಡಕ ಏರಿಸಿದ. "ಹಂಗಾರ ಇಷ್ಟು ಸುತ್ತು ಯಾಕ? ಅಗಲ ಪಟ್ಟಿ ತಗೊಂಡು ಒಂದ ಸುತ್ತು ಬಗ್ಗಿಸಿದ್ರ ಆಗೂದಿಲ್ಲೇನು?"

ಕೂತಲ್ಲಿಂದ ಜಿಗಿದು ಅಜ್ಜನ ಕಾಲು ಹಿಡಿದೆ! ಮಧ್ಯಾಹ್ನದೊಳಗೆ ಫಳಫಳ ಹೊಳೆಯುವ ಒಂಟಿ ಸುತ್ತು ತಯಾರು. ಅಷ್ಟರಲ್ಲಿ ಅಜ್ಜ ಕಲಾಯಿ ಹಚ್ಚಲು ಕುಲುಮೆ ಊದತೊಡಗಿದ. ತವರ ಮೆತ್ತಿದರೆ ಸಂಕೇತ ಕುಗ್ಗುತ್ತದೆ. "ಬ್ಯಾಡ್ರಿ ಅಜ್ಜಾ!" ಎಂದು ಕಸಿದುಕೊಂಡೆ.

"ಹುಳಿ ಸಾರು ಮಾತ್ರ ಇದರಾಗ ಕಾಸಬ್ಯಾಡಪಾ," ಎಂದು ಬಾಗಿಲತನಕ ಬಂದು ಎಚ್ಚರಿಸಿದ.

೪. ಹಸಿ ಐತಿ!

ಸಮಿತಿ ಬಂದ ದಿನ ಒಂಟಿ ಸುತ್ತಿನೊಳಗೆ ಹಿಟ್ಟು ಇಟ್ಟೆ. ತರಂಗ ಬಿಟ್ಟೆ. ಪರದೆಯ ಮೇಲೆ ಸಂಕೇತ ಎದ್ದಿತು, ಚೂಪಾಗಿ, ಎತ್ತರಕ್ಕೆ! ಒಂದು ತಾಸು ಬಿಟ್ಟು ಹಿಟ್ಟು ಹೊರತೆಗೆದರೆ ತಣ್ಣಗಿತ್ತು. ಸಾಹೇಬರು ಅದನ್ನು ಕೆನ್ನೆಗೆ ಒತ್ತಿಕೊಂಡರು. ಮರುಕ್ಷಣ ವಯಸ್ಸು, ಹುದ್ದೆ ಎರಡೂ ಮರೆತು, ಸಮಿತಿಯವರಿಗೆ ತೋರಿಸಲು ಕ್ಯಾಂಟೀನಿನತ್ತ ಕೂಗುತ್ತ ಓಡಿದರು. ನಾನೂ ಹಿಂದೆ ಓಡಿದೆ.

"ಹಸಿ ಐತಿ! ಇನ್ನೂ ಹಸಿ ಐತಿ!"

ಊಟಕ್ಕೆ ಕೂತ ಸಮಿತಿಯವರೆಲ್ಲ ತುತ್ತು ಕೈಯಲ್ಲೇ ಹಿಡಿದು ಎದ್ದು ನಿಂತರು. ರೊಟ್ಟಿ ಬಡಿಯುತ್ತಿದ್ದ ರಾಮದುರ್ಗದ ಅಕ್ಕ ಗಾಬರಿಯಿಂದ ಹೊರಬಂದು ಸಾಹೇಬರ ಅಂಗೈ ನೋಡಿದಳು. ಮುಖ ಕೆಂಪಾಯಿತು.

"ಹಸಿ ಇದ್ರ ಮತ್ತ ಬೇಯಿಸಿ ಕೊಡತೇನ್ರಿ ಸಾಹೇಬ್ರ. ಆದ್ರ ಇಷ್ಟ ಸಣ್ಣ ರೊಟ್ಟಿ ನಾ ಯಾರಿಗೂ ಕೊಟ್ಟಿಲ್ಲ!"