ಮೂರನೇ ಮಹಡಿಗೆ ಬಂದ ಆಮಂತ್ರಣ

ಆ ಮನೆಯೊಳಗೆ ಇರುವೆ ಹೋಗಬೇಕಾದರೂ ಅರ್ಜಿ ಬರೆದು ಸಹಿ ಮಾಡಿಸಿಕೊಂಡೇ ಹೋಗಬೇಕು ಅಂತ ಕೆಳಗಿನ ಮಹಡಿಯ ದರ್ಜಿ ಹೇಳುತ್ತಿದ್ದ. ಗಾಳಿಗೂ ಅಲ್ಲಿ ಹಾಜರಿ ಪುಸ್ತಕ ಇದೆ ಅಂತ ಎದುರು ಮನೆಯ ನರ್ಸಮ್ಮ ಹೇಳುತ್ತಿದ್ದಳು. ಗಂಡನಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಬೀಗದ ಯಜಮಾನರು (ಎದುರಿಗೆ ಸಿಕ್ಕಾಗ ಬರೀ ಸಾರ್). ಹೆಂಡತಿಯ ಮಾತು ಬಂದರೆ, ಪಾಪ, ಬಾಯಿಲ್ಲದ ಹೆಂಗಸು ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ನೆರೆಯವರ ಮಾತಿನಲ್ಲಿ ಅರ್ಧ ನಿಜ ಇದ್ದೇ ಇರುತ್ತದೆ. ಯಾವ ಅರ್ಧ ಅನ್ನುವುದು ಮಾತ್ರ ತಡವಾಗಿ ಗೊತ್ತಾಗುತ್ತದೆ.

ಯಜಮಾನರು ಒಂದು ವಿಮಾ ಕಚೇರಿಯಲ್ಲಿ ಕಂಪ್ಯೂಟರ್ ಸುರಕ್ಷತೆಯ ಅಧಿಕಾರಿ. ಅಂದರೆ ತಿಂಗಳಿಗೊಂದು ದಿನ ಎಲ್ಲರ ಪಾಸ್‌ವರ್ಡ್ ಬದಲಾಯಿಸುವುದು, ಉಳಿದ ಇಪ್ಪತ್ತೊಂಬತ್ತು ದಿನ ಅದನ್ನು ಮರೆತವರಿಗೆ ಬೈಯುವುದು. ಈ ಘನಕಾರ್ಯವನ್ನು ಅವರು ಮನೆಗೂ ತಂದಿದ್ದರು. ನಾಲ್ಕು ವರ್ಷದ ಹಿಂದೆ ಬಾಗಿಲಿಗೆ ಹೊಸ ನಮೂನೆಯ ಬೀಗ ಹಾಕಿಸಿದರು. ಬಾಗಿಲು ತೆರೆದಾಗಲೆಲ್ಲ ಅದು ಅವರ ಫೋನಿಗೆ ಸಂದೇಶ ಕಳಿಸುತ್ತಿತ್ತು. ಸಾಯಂಕಾಲ ಬೂಟು ಬಿಚ್ಚುತ್ತಲೇ ವಿಚಾರಣೆ ಆರಂಭ: ಹನ್ನೊಂದು ಹತ್ತಕ್ಕೆ ಹೋಗಿ ಹನ್ನೊಂದು ಐವತ್ತೆರಡಕ್ಕೆ ಬಂದಿದ್ದೀಯ, ತರಕಾರಿಗೆ ನಲವತ್ತೆರಡು ನಿಮಿಷವೇ? ಬದನೆಕಾಯಿ ಆರಿಸುತ್ತಿದ್ದೆ ಎಂದು ಹೆಂಡತಿ ಹೇಳುತ್ತಿದ್ದಳು. ಅಷ್ಟು ಹೊತ್ತು ಆರಿಸಿದ್ದು ಇದನ್ನೇ ಏನು ಎಂದು ಅವರು ಒಂದು ಬದನೆಕಾಯಿಯನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು. ಮೊದಮೊದಲು ದಿನಾ ನಡೆಯುತ್ತಿದ್ದ ಈ ವಿಚಾರಣೆ ಬರುಬರುತ್ತ ಕಡಿಮೆಯಾಯಿತು. ಹೆಂಡತಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದಾಳೆ, ಮನೆ ಹಿಡಿತಕ್ಕೆ ಬಂತು ಎಂದು ಅವರು ಹಿಗ್ಗಿದರು.

ಇಮೇಲಿನಲ್ಲೂ ಅದೇ ಕಾನೂನು. ಮನೆಗೆ ಎರಡು ಬಾಗಿಲಿದ್ದರೆ ಕಳ್ಳನಿಗೂ ಎರಡು ದಾರಿ ಎಂದು ಇಬ್ಬರಿಗೂ ಸೇರಿ ಒಂದೇ ವಿಳಾಸ ಇಟ್ಟು, ಅದರ ಪಾಸ್‌ವರ್ಡ್ ತಮ್ಮೊಬ್ಬರಲ್ಲೇ ಇರಿಸಿಕೊಂಡಿದ್ದರು. ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಕನ್ನಡಕ ಒರೆಸಿಕೊಂಡು, ನ್ಯಾಯಾಧೀಶರ ಗತ್ತಿನಲ್ಲಿ ಕೂತು ವಾರದ ಅಂಚೆಯನ್ನೆಲ್ಲ ಒಟ್ಟಿಗೆ ಓದುತ್ತಿದ್ದರು. ಹೆಂಡತಿಗೆ ಬಂದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು.

ಅಂಥ ಒಂದು ಭಾನುವಾರ ಆ ಪತ್ರ ಕಂಡಿತು.

“ಪ್ರಿಯ ಮೂರನೇ ಮಹಡಿ,” ಎಂದು ಶುರುವಾಗಿತ್ತು. ಮನೆಬೀಗಗಳ ಬಗ್ಗೆ ನೀವು ಕಳಿಸಿದ ಬರಹ ನಮ್ಮ ಸಮಿತಿಯನ್ನು ಬೆರಗುಗೊಳಿಸಿದೆ, ಮುಂದಿನ ತಿಂಗಳ ಹ್ಯಾಕರ್ ಸಮ್ಮೇಳನದಲ್ಲಿ ತಾವು ಮುಖ್ಯ ವೇದಿಕೆಯಿಂದ ಮಾತಾಡಬೇಕು, ಪ್ರಯಾಣದ ವ್ಯವಸ್ಥೆ ನಮ್ಮದು.

ಹ್ಯಾಕರ್‌ಗಳ ಲೋಕದಲ್ಲಿ ಯಾರೂ ಸ್ವಂತ ಹೆಸರು ಹೇಳಿಕೊಳ್ಳುವುದಿಲ್ಲ, ಎಲ್ಲರಿಗೂ ಅಡ್ಡಹೆಸರು. ಅದು ಯಜಮಾನರಿಗೆ ಗೊತ್ತಿತ್ತು. ತಾವಿರುವುದು ಮೂರನೇ ಮಹಡಿಯಲ್ಲಿ. ಹೋದ ವರ್ಷ ಬೀಗದ ಕಂಪನಿಗೆ ಎರಡು ಪುಟ ಬರೆದವರೂ ತಾವೇ (ಗುಂಡಿಗಳ ಬಣ್ಣ ಬೇಗ ಮಾಸುತ್ತದೆ ಎಂದು). ಅದು ಕೈಯಿಂದ ಕೈಗೆ ದಾಟಿ ಎಲ್ಲಿಗೋ ಮುಟ್ಟಿದೆ. ಹಿತ್ತಲ ಗಿಡಕ್ಕೂ ಕೊನೆಗೆ ಬೆಲೆ ಬಂದಿದೆ. ಪತ್ರವನ್ನು ಮೂರು ಸಲ ಓದಿದರು. ಗಟ್ಟಿಯಾಗಿ ಓದಿದ ಮೂರನೇ ಸಲ, ಬಟ್ಟೆ ಮಡಚುತ್ತಿದ್ದ ಹೆಂಡತಿಯ ಕೈ ನಿಂತಿತು. ಅವಳ ತಂದೆ ಗಡಿಯಾರ ರಿಪೇರಿಯವರು. ಚಿಕ್ಕಂದಿನಲ್ಲಿ ಅಂಗಡಿಯಲ್ಲಿ ಕೂತು ಚಿಮುಟದಲ್ಲಿ ಸಾಸಿವೆಗಿಂತ ಸಣ್ಣ ತಿರುಪು ಎತ್ತಿಟ್ಟ ಕೈ ಅದು, ಸುಮ್ಮಸುಮ್ಮನೆ ನಿಲ್ಲುವಂಥದ್ದಲ್ಲ.

ಅವಳು ಹತ್ತಿರ ಬಂದಳು. “ರೀ, ಆ ಪತ್ರದ ವಿಷಯ ಒಂದು ಮಾತು…”

“ನಿನಗದು ಅರ್ಥ ಆಗಲ್ಲ ಬಿಡು. ಕಾಫಿ ಮಾಡು.”

ಅವಳು ಕಾಫಿ ಮಾಡಿದಳು.

ಅಲ್ಲಿಂದ ಮೂರು ವಾರ ಆ ಮನೆಯಲ್ಲಿ ನಡೆದದ್ದು ಹೋಗಬೇಕೋ ಬೇಡವೋ ಎಂಬ ಮಹಾಮಂಥನ. ಯಜಮಾನರು ಕ್ಷೌರದವನನ್ನು ಕೇಳಿದರು. ಹೋಗಿ ಸಾರ್, ಬರೋವಾಗ ನನ್ನ ಫೋನ್ ಬೀಗ ಬಿಡಿಸೋದು ಕಲಿತು ಬನ್ನಿ ಎಂದ. ಕಚೇರಿಯ ಮೇಲಧಿಕಾರಿಯನ್ನು ಕೇಳಿದರು. ಆತ ರಜೆಯ ಅರ್ಜಿ ಎಲ್ಲಿ ಎಂದ. ಫೋನಿನಲ್ಲಿ ಅಕ್ಕನನ್ನು ಕೇಳಿದರು.

“ಹ್ಯಾಕರ್ ಅಂದ್ರೆ ಕಳ್ರಲ್ವೇನೋ?”

“ಎಲ್ಲರೂ ಅಲ್ಲ ಅಕ್ಕ. ಬೀಗ ಎಲ್ಲಿ ಸಡಿಲ ಇದೆ ಅಂತ ತೋರಿಸಿಕೊಡೋರೂ ಇರ್ತಾರೆ.”

“ಕಳ್ಳನೂ ಅದನ್ನೇ ತೋರಿಸೋದು ಕಣೋ. ಹೋಗ್ಲಿ, ನಿನ್ನ ಹೆಂಡ್ತಿ ಏನಂತಾಳೆ?”

ಯಜಮಾನರು ನಕ್ಕರು. ಅವಳನ್ನು ಕೇಳಬಹುದು ಎಂದು ಅವರಿಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೂ ಕೇಳಲಿಲ್ಲ.

ಅಸಲು ತೊಡಕು ಬೇರೆಯೇ ಇತ್ತು. ಭಾಷಣ ಬರೆಯೋಣ ಎಂದು ಕೂತರೆ, “ಬೀಗ ಎಂಬುದು ಮಾನವನ ಬಾಳಿನಲ್ಲಿ ಬಹು ಮುಖ್ಯವಾದುದು” ಎಂಬ ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ಒಂದು ವಾರ ಕಾದರೂ ಬರಲಿಲ್ಲ. ಸಾವಿರ ಜನ ಪುಂಡರು ಕೆಳಗೆ ಕೂತು ಪ್ರಶ್ನೆ ಕೇಳುವುದನ್ನು ನೆನೆದು ಪೆನ್ನಿಗೆ ಮುಚ್ಚಳ ಹಾಕಿಟ್ಟರು. ಆಡಲಾರದವಳಿಗೆ ಅಂಗಳ ಡೊಂಕು ಅನ್ನುತ್ತಾರಲ್ಲ, ಯಜಮಾನರಿಗೆ ಆಗ ತಮ್ಮ ಮಾನಮರ್ಯಾದೆ ನೆನಪಾಯಿತು. ಸಂಭಾವಿತರು ಕಳ್ಳರ ಸಂತೆಯಲ್ಲಿ ಕೂರಬಾರದು. ಮೂರನೆಯ ಭಾನುವಾರ, ಹೆಂಡತಿ ನೋಡುತ್ತಿರುವಾಗಲೇ, ಉದಾತ್ತವಾದ ಹನ್ನೆರಡು ಸಾಲಿನಲ್ಲಿ ಸಮ್ಮೇಳನವನ್ನು ತಿರಸ್ಕರಿಸಿ ಕಳಿಸಿಬಿಟ್ಟರು.

“ಬರಲ್ಲ ಅಂತ ಬರೆದುಬಿಟ್ಟಿರಾ?” ಎಂದಳು.

“ಹೌದು. ಎಲ್ಲಾ ಕಡೆಯಿಂದ ಯೋಚನೆ ಮಾಡಿ ನೋಡಿದೆ.”

“ಎಲ್ಲರನ್ನೂ ಕೇಳಿದಿರಿ,” ಎಂದು ಅವಳು ಒಳಗೆ ಹೋದಳು. ತಮ್ಮ ತ್ಯಾಗಕ್ಕೆ ಅವಳು ಮನಸೋತಿದ್ದಾಳೆ ಎಂದು ಅವರು ತಿಳಿದರು.

ನಾಲ್ಕನೆಯ ಭಾನುವಾರ ಕನ್ನಡಕ ಒರೆಸಿ ಕೂತಾಗ ಮರುಪತ್ರ ಕಾದಿತ್ತು.

“ಪ್ರಿಯ ಮೂರನೇ ಮಹಡಿ, ನೀವು ಫೋನ್ ಮಾಡಿ, ಆ ನಿರಾಕರಣೆ ನಿಮ್ಮ ಯಜಮಾನರದ್ದು, ನಿಮ್ಮದಲ್ಲ ಎಂದು ತಿಳಿಸಿದ್ದು ಒಳ್ಳೆಯದಾಯಿತು. ನಿಮ್ಮ ವೇದಿಕೆ ಹಾಗೇ ಇದೆ. ಮೂರು ವರ್ಷಗಳ ಕಾಲ, ಬೀಗ ಒಂದು ಸಂದೇಶವನ್ನೂ ಕಳಿಸದಂತೆ ನೀವು ಬಾಗಿಲು ತೆರೆದು ಹೊರಗೆ ಹೋಗಿ ಬಂದ ಬಗೆಯನ್ನು ಕೇಳಲು ಎಲ್ಲರೂ ಕಾತರರಾಗಿದ್ದಾರೆ. ಬೀಗ ಹಾಕಿಸಿದ ವ್ಯಕ್ತಿ ಒಮ್ಮೆಯೂ ಅನುಮಾನಪಡಲಿಲ್ಲ ಎಂದು ಬರೆದಿದ್ದೀರಿ. ಇದನ್ನು ಸಮಿತಿಯ ಕೆಲವರು ನಂಬುತ್ತಿಲ್ಲ. ಪುರಾವೆ ಇದ್ದರೆ ತನ್ನಿ.”

ಯಜಮಾನರು ತಲೆಯೆತ್ತಿದರು. ಹೆಂಡತಿ ಹೊರಡುವ ಸೀರೆಯುಟ್ಟು ನಿಂತಿದ್ದಳು. ಪಕ್ಕದಲ್ಲಿ ಪೆಟ್ಟಿಗೆ.

“ಇದು ಯಾವಾಗ ಬಂತು?” ಅವರ ಬಾಯಿಗೆ ಬಂದದ್ದು ಅಷ್ಟೇ.

“ಗುರುವಾರ. ಅಳಿಸದೆ ಬಿಟ್ಟೆ, ನೀವೂ ಓದ್ಲಿ ಅಂತ. ಮೊದಲನೇದೂ ವಾರದ ಮಧ್ಯೆ ಬಂದಿದ್ರೆ ಅಳಿಸಿಬಿಡ್ತಿದ್ದೆ, ನಿಮಗೆ ಈ ತೊಂದರೆ ಇರ್ತಿರಲಿಲ್ಲ. ನೀವು ಮನೇಲಿರೋ ಶನಿವಾರ ರಾತ್ರಿ ಬಂದುಬಿಡ್ತು.”

“ಪಾಸ್‌ವರ್ಡ್?”

“ನಿಮ್ಮ ಹೆಸರು, ಮುಂದೆ ಒಂದು ಎರಡು ಮೂರು.”

ಯಜಮಾನರು ಕನ್ನಡಕ ತೆಗೆದರು, ಹಾಕಿಕೊಂಡರು. ಕೇಳಬೇಕಾದ್ದು ನೂರು ಇತ್ತು. ಬೀಗದ ಬಾಯಿ ಹೇಗೆ ಮುಚ್ಚಿಸಿದೆ, ಯಾರು ಕಲಿಸಿದರು, ಎಷ್ಟು ದಿನ ಕೂತೆ, ಸಾವಿರ ಜನರ ಎದುರು ಮಾತಾಡಲು ಹೆದರಿಕೆಯಿಲ್ಲವೇ? ಅವಳೂ ಒಂದು ಗಳಿಗೆ, ಕೇಳುತ್ತಾರೇನೋ ಎನ್ನುವಂತೆ ಕಾದಳು.

“ಮೂರು ವರ್ಷ ಕದ್ದು ಎಲ್ಲಿಗೆ ಹೋಗ್ತಿದ್ದೆ?” ಎಂದರು ಯಜಮಾನರು.

ಅವಳು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದಳು. “ಕೆಳಗೆ ಪಾರ್ಕಿಗೆ. ಬೆಂಚಿನ ಮೇಲೆ ಕೂತು ಬರ್ತಿದ್ದೆ.”

“ಅಷ್ಟಕ್ಕೇ ಬೀಗ ಮುರಿದೆಯಾ?”

“ಅಷ್ಟಕ್ಕೂ ಮುರೀಬೇಕಾಯ್ತಲ್ಲ.”

ಕೆಳಗಿನ ಮಹಡಿಯಲ್ಲಿ ದರ್ಜಿಯ ಹೊಲಿಗೆ ಯಂತ್ರ ಓಡಿ ನಿಂತಿತು. ಸಮ್ಮೇಳನ ಮೂರು ದಿನದ್ದು. ಪೆಟ್ಟಿಗೆ ಮಾತ್ರ ಮೂರು ದಿನದ್ದಲ್ಲ. ಅವಳಪ್ಪನ ಚಿಮುಟ, ತಿರುಪುಳಿಗಳ ಡಬ್ಬಿ ತೆರೆದಿದ್ದ ಕಪಾಟಿನಲ್ಲಿ ಇರಲಿಲ್ಲ, ಚಳಿಗಾಲದ ಶಾಲೂ ಇರಲಿಲ್ಲ. ಅದನ್ನು ನೋಡಿದ ಯಜಮಾನರು ಕಪಾಟಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ವಾಪಸ್ಸು ಯಾವಾಗ ಎಂದು ಕೇಳಲು ಧೈರ್ಯ ಸಾಲದೆ, ಅದರ ಬದಲು ಮದುವೆಯಾದ ಮೇಲೆ ಮೊದಲ ಸಲ ಅವಳನ್ನು ಒಂದು ಸಲಹೆ ಕೇಳಿದರು.

“ನಾನೂ ಬರಲೇನೇ? ಮಾತಾಡೋಕಲ್ಲ. ಹಿಂದೆ ಎಲ್ಲಾದರೂ ಕೂತ್ಕೋತೀನಿ. ಏನಂತೀಯ?”

ಅವಳು ಅವರನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವರು ವಾದ ಮಾಡುತ್ತಿದ್ದರು. ವಾದದಲ್ಲಿ ಅವರು ಹುಲಿ.

“ಪುರಾವೆ ಕೇಳಿದಾರೆ ಅವರು. ನೀವು ಬಂದು ಕೂತ್ರೆ ಅನುಕೂಲವೇ,” ಎಂದಳು. “ಆದ್ರೆ ಅದಕ್ಕಾಗಿ ಬರಬೇಡಿ. ಯೋಚನೆ ಮಾಡಿ.”

ಯಜಮಾನರು ಯೋಚನೆ ಮಾಡಿದರು. ಹೋದರೆ ಸಾವಿರ ಜನ ಬೆರಳು ತೋರಿಸಿ ನಗುತ್ತಾರೆ. ಹೋಗದಿದ್ದರೆ ದರ್ಜಿ ಒಬ್ಬನೇ ನಗುತ್ತಾನೆ, ಆದರೆ ದಿನಾ ನಗುತ್ತಾನೆ. ರಜೆ ಸಿಗಬೇಕು. ಅಕ್ಕನನ್ನು ಒಂದು ಮಾತು ಕೇಳಬೇಕು. ಅವರು ಫೋನಿಗಾಗಿ ಜೇಬು ತಡಕುತ್ತಿದ್ದಾಗ ಅವಳು ಪೆಟ್ಟಿಗೆ ಎತ್ತಿಕೊಂಡು, ಬಾಗಿಲನ್ನು ಹಾರು ಹೊಡೆದು ಹಾಗೇ ಬಿಟ್ಟು, ಒಂದೊಂದೇ ಮೆಟ್ಟಿಲು ಇಳಿದು ಹೊರಟುಹೋದಳು.