ಗಾಲಿಗೆ ತಾಗಿದ ಕಣ್ಣು

ಎಲ್ಲದಕ್ಕೂ ಮೂಲ, ಭಾನುವಾರ ಡಾಕ್ಟರ್ ಮುರಿಗೆಪ್ಪನವರ ಬಾಯಿಂದ ಹೊರಬಿದ್ದ ಒಂದೇ ಒಂದು ‘ಚೊಲೋ’.

ಗೋಪೀನಾಥ ಎಜ್‌ವೇರ್‌ನ ತನ್ನ ಫ್ಲ್ಯಾಟಿನ ಮುಂದೆ ಸೆಕೆಂಡ್ ಹ್ಯಾಂಡ್ ಕಾರನ್ನು ಒರೆಸುತ್ತಿದ್ದ. ಕೆಳಗಿನ ಮನೆಯ ಮುರಿಗೆಪ್ಪನವರು, ಧಾರವಾಡದ ಕಡೆಯ ಮೂಳೆ ಡಾಕ್ಟರು, ಬಾಗಿಲಿಗೆ ಬಂದು ನಿಂತು, “ಗಾಡಿ ಭಾಳ ಚೊಲೋ ಐತ್ರೀ! ಗಾಲಿ ನೋಡ್ರಿ, ಹೊಸಾವು ಇದ್ದಂಗ ಅದಾವ” ಎಂದು ಮನಸಾರೆ ಹೊಗಳಿದರು. ಬಾಲ್ಕನಿಯಲ್ಲಿದ್ದ ಹೆಂಡತಿ ವತ್ಸಲಾಗೆ ಅದು ಕೇಳಿಸಿತು. ಸಂಜೆಯೊಳಗೆ ಮುಂದಿನ ಬಂಪರಿನಲ್ಲಿ ಕೆಂಪು ದಾರಕ್ಕೆ ಪೋಣಿಸಿದ ನಿಂಬೆಹಣ್ಣು ಮೆಣಸಿನಕಾಯಿಯ ಸರ ನೇತಾಡುತ್ತಿತ್ತು.

ಬುಧವಾರ ಬೆಳಿಗ್ಗೆ ಗೋಪೀನಾಥ ಟೈ ಕಟ್ಟಿಕೊಂಡು ಕೆಳಗಿಳಿದರೆ ರಸ್ತೆಯೆಲ್ಲ ಹಿಮ, ಕಾರಿನ ಮುಂದಿನ ಎಡ ಚಕ್ರ ಮಾತ್ರ ಅಪ್ಪಚ್ಚಿ. ಅವತ್ತು ಹನ್ನೊಂದಕ್ಕೆ ಅಕ್ಸ್‌ಬ್ರಿಡ್ಜ್‌ನಲ್ಲಿ ಅವನಿಗೆ ಇಂಟರ್‌ವ್ಯೂ. ಈಗಿನ ಕೆಲಸ ತಿಂಗಳ ಕೊನೆಗೆ ಮುಗಿಯುತ್ತಿತ್ತು, ಅದರ ಹಿಂದೆಯೇ ವರ್ಕ್ ಪರ್ಮಿಟ್ಟೂ. ಇದು ಕೈತಪ್ಪಿದರೆ ಗಂಟುಮೂಟೆ ಕಟ್ಟಿ ಸ್ವದೇಶಕ್ಕೆ ಹೊರಡುವುದೊಂದೇ ಬಾಕಿ. ಸಿಗಬೇಕಾಗಿದ್ದ ಕೆಲಸವೆಂದರೆ, ಬ್ಯಾಂಕೊಂದರ ಒಂದು ಕಂಪ್ಯೂಟರ್ ಕೆಟ್ಟರೆ ತಕ್ಷಣ ಇನ್ನೊಂದು ಆ ಜಾಗಕ್ಕೆ ಸಿದ್ಧವಿರುವಂತೆ ನೋಡಿಕೊಳ್ಳುವುದು.

ಹಿಮ ಬಿದ್ದದ್ದೇ ನೆಪವಾಗಿ ಟ್ಯೂಬ್ ರೈಲು ನಿಂತಿತ್ತು. ಮಿನಿಕ್ಯಾಬಿನವರು ಫೋನನ್ನೇ ಎತ್ತುತ್ತಿರಲಿಲ್ಲ. ಮುರಿಗೆಪ್ಪನವರ ಕಾರನ್ನು ಅವರ ಹೆಂಡತಿ ನೀರಜಾ ಬೆಳಗಿನ ಡ್ಯೂಟಿಗೆ ಒಯ್ದಾಗಿತ್ತು.

“ನೋಡಿ, ನಾನು ಹೇಳ್ಲಿಲ್ವಾ?” ಎಂದು ವತ್ಸಲಾ ಬಾಲ್ಕನಿಯಿಂದ ಪಿಸುಗುಟ್ಟಿದಳು. ಆ ಪಿಸುಮಾತು ರಸ್ತೆಗೆಲ್ಲ ಕೇಳಿಸಿತು. “ಸರಾನೇ ಕಿತ್ತು ಬಿದ್ದೋಗಿದೆ. ಎಂಥಾ ಕಣ್ಣು ಅಂತೀನಿ!”

“ಯಾರ ಕಣ್ಣಿಗೆ ಏನಾತ್ರೀ?” ಎನ್ನುತ್ತ ಆ ಕಣ್ಣಿನ ಯಜಮಾನರೇ ಉಣ್ಣೆ ಟೋಪಿ ಹಾಕಿಕೊಂಡು ಹೊರಗೆ ಬಂದರು. ಚಕ್ರವನ್ನು ರೋಗಿಯಂತೆ ಮುಟ್ಟಿ ನೋಡಿದರು. “ಇಷ್ಟ ಹೌದಲ್ರೀ? ದಿನಾ ಮಂದಿ ಕಾಲು ಬಿಚ್ಚಿ ಜೋಡಸಾಂವ ನಾನು. ಇದೇನ್ ದೊಡ್ಡದು? ಮೊದಲ ಜಾಕ್ ಏರಸ್ರಿ.”

ಗೋಪೀನಾಥ ಜಾಕ್ ಏರಿಸಿದ. ಚಕ್ರ ನೆಲ ಬಿಟ್ಟು ಮೇಲೆದ್ದಿತು. ಈಗ ಸ್ಪ್ಯಾನರ್ ತಿರುಗಿಸಿದರೆ ನಟ್ಟಿನ ಬದಲು ಚಕ್ರವೇ ತಿರುಗತೊಡಗಿತು.

“ಮೊದಲು ನಟ್ಟು ಸಡಿಲ ಮಾಡ್ಬೇಕಿತ್ತು, ಡಾಕ್ಟ್ರೇ.”

“ಹೌದ್ ನೋಡ್ರಿ, ನಮ್ಮಲ್ಲೆ ಅದನ್ನ ನರ್ಸ್ ಮಾಡತಾಳ” ಎಂದರು ಮುರಿಗೆಪ್ಪನವರು, ಒಂದಿಷ್ಟೂ ಬೇಸರವಿಲ್ಲದೆ.

ಜಾಕ್ ಇಳಿಸಿದ್ದಾಯಿತು. ನಟ್ಟುಗಳು ಥಂಡಿಗೆ ಕಚ್ಚಿಕೊಂಡಿದ್ದವು. ಬಿಸಿನೀರು ಸುರಿಯಲು ಡಾಕ್ಟರ ಸಲಹೆ. ಗೋಪೀನಾಥ ಕೆಟಲ್ ತಂದು ಸುರಿದ. ನಟ್ಟು ಸಡಿಲವಾದದ್ದೇನೋ ನಿಜ, ಆದರೆ ಸುರಿದ ನೀರು ಅವನ ಕಾಲಡಿಯಲ್ಲಿ ನೋಡನೋಡುತ್ತಲೇ ಗಾಜಿನಂತೆ ಹೆಪ್ಪುಗಟ್ಟಿತು. ಇಂಟರ್‌ವ್ಯೂ ಪ್ಯಾಂಟಿನ ಸಮೇತ ಅಂಗಾತ ಬಿದ್ದ. ಡಾಕ್ಟರು ಕೂಡಲೇ ಬಾಗಿ ಅವನ ಸೊಂಟ ಒತ್ತಿ, “ಮುರದಿಲ್ಲ ಬಿಡ್ರಿ, ಏಳ್ರಿ” ಎಂದು ಫೀಸಿಲ್ಲದೆ ಹೇಳಿದರು.

ಬೆರಳುಗಳು ತನ್ನವೋ ಬೇರೆಯವರವೋ ತಿಳಿಯದಷ್ಟು ಮರಗಟ್ಟಿದ್ದವು. ಆದರೂ ಹಳೆಯ ಚಕ್ರ ಡಿಕ್ಕಿ ಸೇರಿತು, ಸವೆದು ಬೋಳಾದ ಸ್ಟೆಪ್ನಿ ಅದರ ಜಾಗಕ್ಕೆ ಬಂತು. ಅಷ್ಟು ಹೊತ್ತೂ ಮೇಲಿನ ಮನೆಯಿಂದ ಟಕ್ ಟಕ್ ಎಂದು ಕುಟ್ಟುವ ಸದ್ದು.

“ಮನಿಯಾಗ ಮಸಾಲಿ ಕುಟ್ಟಾಕತ್ತಾರೇನು?” ಡಾಕ್ಟರು ಆಸೆಯಿಂದ ಕೇಳಿದರು.

ಗೋಪೀನಾಥ ವಾಚ್ ನೋಡಿಕೊಂಡ. ಇನ್ನೂ ಸಮಯವಿತ್ತು, ಈಗ ಹೊರಟರೆ ಸರಿಯಾಗಿ ತಲುಪಬಹುದು. ಮೈಯೆಲ್ಲ ನಡುಗುತ್ತಿದ್ದರೂ ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ಒಳಗೆ ಕೂತು ಹಾರ್ನ್ ಬಾರಿಸಿದ.

ವತ್ಸಲಾ ತಟ್ಟೆ ಹಿಡಿದು ಓಡಿಬಂದಳು. “ಸರ ಕಟ್ಟೋಕೆ ಟೈಮಿಲ್ಲ. ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡ್ತೀನಿ, ಹತ್ತಿಸ್ಕೊಂಡು ಹೋಗಿ. ಒಳ್ಳೆ ಕೆಲ್ಸಕ್ಕೆ ಹೊರಟಿದೀರ, ಬೇಡ ಅನ್ಬೇಡಿ.” ಕಣ್ಣು ಬಿದ್ದ ಚಕ್ರಕ್ಕೆ ಎಲ್ಲಕ್ಕಿಂತ ದಪ್ಪನೆಯ ಹಣ್ಣನ್ನೇ ಇಟ್ಟಳು. ಚಳಿಗಾಲದಲ್ಲಿ ಅವಳ ತರಕಾರಿಗಳಿಗೆ ಬಾಲ್ಕನಿಯೇ ಫ್ರಿಜ್ಜು, ಹಣ್ಣುಗಳು ಕಲ್ಲುಗುಂಡುಗಳಾಗಿದ್ದವು.

ಕಾರು ಒಂದು ಗೇಣು ಮುಂದಕ್ಕೆ ಹೋಯಿತು. ‘ಟಪ್’ ಎಂದಿತು. ಆಮೇಲೆ ‘ಸುಂಯ್’ ಎಂದಿತು. ಗೋಪೀನಾಥ ಕೂತಿದ್ದಂತೆಯೇ ಎಡಕ್ಕೆ ವಾಲಿದ.

ಇಳಿದು ನೋಡಿದರೆ ಸ್ಟೆಪ್ನಿಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಳ! ಹೆಪ್ಪುಗಟ್ಟಿದ ನಿಂಬೆಹಣ್ಣು ಅದನ್ನು ಅಲುಗದಂತೆ ಹಿಡಿದು ನೆಟ್ಟಗೆ ಚಕ್ರದೊಳಕ್ಕೆ ಕಳಿಸಿತ್ತು.

“ಅಯ್ಯೋ, ನನ್ನ ದಬ್ಬಳ!” ವತ್ಸಲಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಸರ ಪೋಣಿಸ್ತಾ ಇದ್ದೆ. ಹಣ್ಣು ಕಲ್ಲಾಗಿತ್ತು, ಕುಟ್ಟಾಣೀಲಿ ಹೊಡೆದು ತೂರಿಸ್ದೆ. ಅರ್ಧ ಹೋಗಿ ಸಿಕ್ಕಾಕೊಳ್ತು. ಅಷ್ಟರಲ್ಲಿ ನೀವು ಹಾರ್ನ್ ಹೊಡೆದ್ರಿ, ಹಾಗೇ ತಟ್ಟೇಲಿ ಬಂದ್ಬಿಡ್ತು.”

“ದಬ್ಬಳ ಇರೋದು ಇದೊಂದೇ ತಾನೆ?” ಗೋಪೀನಾಥನ ಧ್ವನಿ ಸಣ್ಣಗಾಗಿತ್ತು.

“ಎರಡಿತ್ತು. ಇನ್ನೊಂದು ಭಾನುವಾರದಿಂದ ಕಾಣಿಸ್ತಿಲ್ಲ.”

ಗೋಪೀನಾಥ ಡಿಕ್ಕಿ ತೆರೆದ. ಹಳೆಯ ಚಕ್ರದಲ್ಲಿ ಇನ್ನೊಂದು ದಬ್ಬಳದ ತಲೆ, ಅದರ ಕಣ್ಣಲ್ಲಿ ಇನ್ನೂ ಒಂದು ತುಂಡು ಕೆಂಪು ದಾರ.

ಬೇರೆ ದಾರಿ ಕಾಣದೆ ಅಕ್ಸ್‌ಬ್ರಿಡ್ಜ್‌ಗೆ ಫೋನ್ ಮಾಡಿ ಟೈರ್ ಪಂಕ್ಚರ್ ಎಂದು ತಿಳಿಸಿದ. ಆ ಕಡೆಯ ಹೆಂಗಸು ಬಹಳ ಮೃದುವಾಗಿ, ಸ್ಟೆಪ್ನಿ ಇಲ್ಲವೇ ಎಂದು ಕೇಳಿದಳು. ಇತ್ತು, ಅದೂ ಹೋಯಿತು ಎಂದ. ಒಂದು ಕೆಟ್ಟರೆ ಇನ್ನೊಂದನ್ನು ಸಿದ್ಧವಿಟ್ಟುಕೊಳ್ಳುವ ಮನುಷ್ಯ ಬೇರೆ ಯಾರಾದರೂ ಸಿಗುತ್ತಾರೇನೋ ನೋಡುತ್ತೇವೆ ಎಂದು ಅಷ್ಟೇ ಮೃದುವಾಗಿ ಫೋನ್ ಇಟ್ಟಳು.

ಗೋಪೀನಾಥನಿಗೆ ಅಳು ಬಂತು. ಅಳಲೂ ಆಗದಷ್ಟು ಚಳಿಯಿತ್ತು. ವತ್ಸಲಾ ಮೆಲ್ಲಗೆ, “ನಿಂಬೆಹಣ್ಣಿಗೂ ಬಗ್ಗಲಿಲ್ಲ ಅಂದ್ರೆ ಎಂಥಾ ಕಣ್ಣಿರ್ಬೇಕು ನೋಡಿ” ಎಂದಳು.

ಮುರಿಗೆಪ್ಪನವರಿಗೆ ಅವನ ಮುಖ ನೋಡಿ ಕರುಳು ಚುರುಕ್ಕೆಂದಿತು. ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು ಕಾರನ್ನು ಒಂದು ಸುತ್ತು ಹಾಕಿ, ಅವನ ಹೆಗಲ ಮೇಲೆ ಕೈಯಿಟ್ಟರು.

“ಹೋಗ್ಲಿ ಬಿಡ್ರಿ, ಗೋಪೀನಾಥ. ಉಳದ ಮೂರು ಗಾಲಿ ಮಾತ್ರ ಭಾಳ ಚೊಲೋ ಅದಾವ.”

ವತ್ಸಲಾ ಸ್ಟೆಪ್ನಿಯಿಂದ ದಬ್ಬಳವನ್ನು ಕಿತ್ತುಕೊಂಡು ಮೇಲಿನ ಮನೆಗೆ ಓಡಿದಳು.