ರಾಣಿ ಮಂತ್ರ ಹೇಳುವಾಗ ಯಾರೂ ಕರೆಯಬೇಡಿ

ಮತ್ತೆ ಕರೆದರು. ರಾಣಿ ಅರ್ಧ ಮಂತ್ರ ಹೇಳಿದ್ದಾಳೆ, ಕಲ್ಲಿನ ಆನೆ ಒಂದು ಕಿವಿ ಅಲ್ಲಾಡಿಸಿದೆ, ಅಷ್ಟರಲ್ಲಿ ಮಗಳು ಶಾಲೆಯ ಮರಾಠಿಯಲ್ಲಿ, "ಆಯಿ, ಮಾಝಾ ರಬ್ಬರ್ ಕುಠೇ?" ಎಂದಳು. ರಬ್ಬರು ಅವಳ ಮುಷ್ಟಿಯಲ್ಲೇ ಇತ್ತು. ಅದನ್ನು ತೋರಿಸಿ ಬಂದು ಕೂತರೆ ಗಂಡನಿಗೆ ಸಾಕ್ಸು ಕಾಣಲೊಲ್ಲದು. ಪುಸ್ತಕ ಹಿಡಿದ ಹೆಂಗಸು ಮನೆಯವರ ಕಣ್ಣಿಗೆ ಸುಮ್ಮನೆ ಕೂತವಳು. ನನ್ನ ಓದೆಲ್ಲ ನಡೆಯುವುದು ಹೀಗೇ.

ನಾಸಿಕದಲ್ಲಿ ನಾವು ಕನ್ನಡದವರು ಕೂಡುವ ಹಾಲ್‌ನಲ್ಲಿ ಒಂದು ಪುಸ್ತಕದ ಕಪಾಟಿದೆ. ಅದರ ಕೀಲಿ ನನ್ನ ಹತ್ತಿರ. ಈ ಸಲ ಅಧ್ಯಕ್ಷರು ಹೇಳಿಬಿಟ್ಟರು: "ಯಾರೂ ಓದೂದಿಲ್ಲವ್ವಾ. ದೀಪಾವಳಿ ಆದಮ್ಯಾಲೆ ಇವನ್ನೆಲ್ಲಾ ರದ್ದಿಗೆ ಹಾಕಿ ಊಟದ ತಾಟು ಇಡೋಣು."

ಆ ಕಪಾಟಿನ ಅರ್ಧ ನನ್ನ ಜೀವದಂಥ ಕಾದಂಬರಿಗಳು: ಹಳೆಯ ರಾಜರ ಕಾಲ, ದೊಡ್ಡ ಕೋಟೆ, ನಡುವೆ ಒಬ್ಬ ಮಾಂತ್ರಿಕ. ತಾಟಿಗಾಗಿ ಅವು ಹೋಗುವುದೇ? ಸಿಕ್ಕಸಿಕ್ಕವರಿಗೆಲ್ಲ ಓದಿರಿ ಓದಿರಿ ಎಂದು ಕೊಡತೊಡಗಿದೆ.

ಯುದ್ಧ ಬೇಕೆನ್ನುವವರಿಗೆ

ಮೊದಲು ಸಿಕ್ಕವರು ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರರ ಹೆಂಡತಿ. ಎಂ.ಎ. ಓದಿದವರು.

"ನೀವು ಎಷ್ಟರ ತನಕಾ ಕಲ್ತೀರಿ?" ಎಂದರು.

"ಹತ್ತನೇ ತನಕಾ ರೀ."

"ಹಂಗಾರ ನನಗೇನ್ ಹೇಳ್ತೀರಿ?"

ಕಪಾಟಿನಲ್ಲಿ ಎಲ್ಲಕ್ಕಿಂತ ದಪ್ಪ ಇದ್ದದ್ದನ್ನು ಅವರ ಕೈಗಿಟ್ಟೆ. ಹಾರುವ ಕುದುರೆಗಳ ದಂಡು, ಏಳು ಯುದ್ಧ. ವಾರದೊಳಗೆ ಫೋನ್ ಬಂತು.

"ಭಾಳ ದೊಡ್ಡ ತಪ್ಪು ಅದ ರೀ. ಸೈನಿಕರು ಖಾರದ ಚಟ್ನಿ ತಿಂತಾರ. ಆ ಕಾಲಕ್ಕ ನಮ್ಮ ದೇಶದಾಗ ಮೆಣಸಿನಕಾಯಿನ ಇದ್ದಿಲ್ಲ!"

"ಅಕ್ಕಾರ, ಅದೇ ಪುಟದಾಗ ಕುದುರಿ ಹಾರ್ತದಲ್ರೀ?"

"ಅದು ಸರಿ ಅದ. ಮೆಣಸಿನಕಾಯಿ ತಪ್ಪು."

ಮನೆಯವರೆಲ್ಲ ಕೂತು ಕೇಳಲಿಕ್ಕೆ

ನಮ್ಮ ಅತ್ತೆಗೆ ಓದು ಬರುವುದಿಲ್ಲ. ಸಂಜೆ ಅವರು ಅಕ್ಕಿ ಆರಿಸುವಾಗ ನಾನು ಓದಿ ಹೇಳುತ್ತೇನೆ. ಮುಖಪುಟದ ಮೇಲೆ ಕಿರೀಟ ಕಂಡ ದಿನವೇ ಅವರು ಪುಸ್ತಕಕ್ಕೆ ಕುಂಕುಮ ಹಚ್ಚಿ, ತಲೆ ಮೇಲೆ ಸೆರಗು ಹೊದ್ದು ಕೂತರು. ಕತೆಯಲ್ಲಿ ಬೇಡಿದ್ದು ಕೊಡುವ ಗುಡ್ಡದ ದೇವಿ ಬಂದಾಗಲೆಲ್ಲ ಮೊರ ಕೆಳಗಿಟ್ಟು ಕೈ ಮುಗಿಯುತ್ತಿದ್ದರು. ಪುರಾಣವಲ್ಲ, ಕಾದಂಬರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ, ಹಾಗೆ ಹೇಳಿದ್ದರೆ ಸಂಜೆಯ ಆ ಒಂದು ತಾಸು ನನ್ನ ಕೈ ತಪ್ಪಿ ಹೋಗುತ್ತಿತ್ತು.

ಎಲ್ಲ ಚೆನ್ನಾಗಿಯೇ ಇತ್ತು, ರಾಜಕುಮಾರ ನಡುರಾತ್ರಿ ರಾಣಿಯ ಕೋಣೆಯ ಕಿಟಕಿ ಹತ್ತುವವರೆಗೆ. ನಾನು ಕೆಮ್ಮಿ, ಹಾಳೆ ತಿರುವಿ, "ಬೆಳಗಾಯಿತು" ಎಂದು ಓದಿದೆ.

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. "ಎರಡು ಹಾಳಿ ಒಮ್ಮೆಲೆ ತಿರುವಿದಿ."

"ಅಂಟಿದ್ವು ರೀ, ಅತ್ತಿ."

"ಬಿಡಿಸು."

ಪ್ರವಾಸಕ್ಕೆ ಹೋಗುವವರಿಗೆ

ಛತ್ರಪತಿ ಸಂಭಾಜಿನಗರದ ಚಿಕಲಠಾಣಾದಲ್ಲಿ ನನ್ನ ನಾದಿನಿ ಇದ್ದಾಳೆ. ಅವಳಿಗೂ ಒಂದು ಕೊಟ್ಟೆ: ಮಾಯಾವಿಯೊಬ್ಬಳು ರಾಜಕುಮಾರನನ್ನು ಕೋಟೆಯ ಬಾವಿಯಲ್ಲಿ ನೂರು ವರ್ಷ ಬಚ್ಚಿಟ್ಟ ಕತೆ. ಓದಿ ಮುಗಿಸಿದವಳೇ ಊರಿನ ಹತ್ತಿರದ ಒಂದು ಕೋಟೆಗೆ ಹೋಗಿ, ಆ ಬಾವಿ ಎಲ್ಲಿದೆ ಎಂದು ಗೈಡ್‌ನನ್ನು ಕೇಳಿದಳಂತೆ. ಅವನು ರೆಪ್ಪೆ ಸಹ ಬಡಿಯದೆ ಹಿಂದಿಯಲ್ಲಿ, "ಆಯಿಯೇ ಮ್ಯಾಡಮ್" ಎಂದು ಕರೆದುಕೊಂಡು ಹೋಗಿ ತೋರಿಸಿದನಂತೆ.

ರಜೆಯಲ್ಲಿ ನಾನೂ ಅವಳ ಜೊತೆ ಹೋದೆ. ಅದೇ ಗೈಡ್, ಅದೇ ಬಾವಿ, ಸುತ್ತ ಹತ್ತಾರು ಜನ. ಈಗ ಅವನು ಕಲ್ಲಿನ ಮೇಲಿನ ಗೀರುಗಳನ್ನು ಮುಟ್ಟಿ ತೋರಿಸಿ, ಇವು ಮಾಯಾವಿ ಸಾಕಿದ ಹುಲಿಯ ಉಗುರಿನ ಗುರುತು ಎನ್ನುತ್ತಿದ್ದ.

ನಾದಿನಿ ನನ್ನ ಕಿವಿಯಲ್ಲಿ, "ವೈನಿ, ಪುಸ್ತಕದಾಗ ಹುಲಿ ಐತೇನು?" ಎಂದಳು.

"ಇಲ್ಲವಾ."

"ಹಂಗಾರ ಅಂವಾ ಎರಡನೇ ಭಾಗ ಓದ್ಯಾನ. ಅದನ್ನೂ ಕೊಡು."

ಯಾರಿಗೆ ಕೊಡಬಾರದು

ಹುಲಿಯ ಸುದ್ದಿ ನಾಸಿಕಕ್ಕೂ ಮುಟ್ಟಿತು. ದೀಪಾವಳಿ ಆದ ಮೇಲಿನ ಸಭೆಯಲ್ಲಿ ಅಧ್ಯಕ್ಷರು ಎದ್ದು ನಿಂತರು. "ಓದದಿದ್ರ ಚಿಂತಿಲ್ಲ, ಓದಿದವರು ಕೆಡಾಕತ್ತಾರ! ಇದು ಸುಳ್ಳು ಇತಿಹಾಸ. ಕಪಾಟು ಇವತ್ತ ಖಾಲಿ ಆಗಲಿ."

ನಾನು ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ. ಅಂದು ಕೀಲಿ ಮುಷ್ಟಿಯಲ್ಲಿ ಹಿಡಿದು ಎದ್ದೆ.

"ಖರೇ ಅಂತ ಯಾರ್ ಹೇಳ್ಯಾರ್ರೀ? ರಾಜಾ, ರಾಣಿ, ದೇವಿ, ಮಂತ್ರ, ಎಲ್ಲಾ ಬರೆದವರು ಕಲ್ಪನಾ ಮಾಡಿದ್ದು. ಸುಳ್ಳಂತ ಗೊತ್ತಿದ್ದೂ ಕಣ್ಣಾಗ ನೀರು ಬರ್ತಾವಲ್ಲ, ಅದಕ್ಕ ಓದೂದು."

ಮೊದಲು ಚಪ್ಪಾಳೆ ತಟ್ಟಿದವರು ಮ್ಯಾನೇಜರರ ಹೆಂಡತಿ. "ಮೆಣಸಿನಕಾಯಿ ಬಿಟ್ರ ಎಲ್ಲಾ ಛಲೋ ಅದಾವ," ಎಂದರು. ಕಪಾಟು ಉಳಿಯಿತು. ತಾಟುಗಳು ಮಾಳಿಗೆ ಸೇರಿದವು.

ಗೆದ್ದ ಖುಷಿಯಲ್ಲಿ ತಿರುಗಿ ನೋಡಿದರೆ ಎರಡನೇ ಸಾಲಿನಲ್ಲಿ ಅತ್ತೆ. ನಗುತ್ತಿರಲಿಲ್ಲ.

ಮನೆಗೆ ಬರುವಾಗ ರಿಕ್ಷಾದಲ್ಲಿ ಕೇಳಿದರು: "ಆ ಗುಡ್ಡದ ದೇವಿನೂ ಕಲ್ಪನಾನ?"

"ಹೌದ್ರೀ, ಅತ್ತಿ."

"ನಾ ಒಂಬತ್ತು ಶುಕ್ರವಾರ ಆಕಿ ಹೆಸರಿಲೆ ಉಪಾಸ ಹಿಡದೀನಿ."

ಅತ್ತೆ ಸೀರೆ ಸರಿಸಿ, ಎರಡು ವರ್ಷದಿಂದ ಮಡಚಲು ಬರದಿದ್ದ ಬಲಗಾಲನ್ನು ಸೀಟಿನ ಮೇಲೆ ಮಡಚಿ, ಮತ್ತೆ ಚಾಚಿ ತೋರಿಸಿದರು.

"ಹಂಗಾರ ಈ ಮೊಣಕಾಲು ಛಲೋ ಮಾಡಿದವರು ಯಾರವಾ?"